ಅವನ ಮೊಣಕೈ, ಅವಳ ಮಾತು

"ಅಯ್ಯೋ! ಕರೆಂಟ್ ಹೊಡೀತು!"

ಕೂಗು ಕೇಳಿದ್ದೇ ತಡ, ಅವಳು ಹಿಂದೆಮುಂದೆ ನೋಡದೆ ಓಡಿಹೋಗಿ ಮೇನ್ ಸ್ವಿಚ್ ಆರಿಸಿಬಿಟ್ಟಳು. ಕ್ಲಿನಿಕ್‌ನ ಫ್ಯಾನುಗಳೆಲ್ಲ ನಿಂತವು.

ಕಪಾಟಿಗೆ ಬಾಗಿಲು ಕೂರಿಸಲು ಬಂದಿದ್ದ ಬಡಗಿ ಮೊಣಕೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಸುತ್ತಮುತ್ತ ಒಂದೇ ಒಂದು ವೈರೂ ಇರಲಿಲ್ಲ.

"ಎಲ್ರೀ ಕರೆಂಟು?"

"ಮೊಣಕೈ ಕಪಾಟಿನ ಅಂಚಿಗೆ ಬಡೀತು ಮೇಡಂ... ಕಿರುಬೆರಳಿನ ತನಕ ಜುಂ ಅಂತು!"

ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಫಿಸಿಯೋಥೆರಪಿಸ್ಟ್ ಆಗಿ ದಿನಬೆಳಗಾದರೆ ಮೊಣಕೈಗಳನ್ನೇ ನೋಡುವವಳು ಹೀಗೆ ಏಮಾರುವುದೇ!

"ಪೆಟ್ಟು ಬಿದ್ದಿದ್ದು ಮೂಳೆಗಲ್ಲ, ನರಕ್ಕೆ," ಎನ್ನುತ್ತಾ ಅವನ ಕೈ ತಿರುಗಿಸಿದಳು. ತೋಳಿನ ಮೂಳೆ ಕೆಳಗೆ ಬಂದು ಮೈಯ ಕಡೆಗೆ ಉಬ್ಬಿಕೊಳ್ಳುವ ಜಾಗಕ್ಕೆ ಹೆಬ್ಬೆರಳಿಟ್ಟಳು. "ಈ ಉಬ್ಬಿನ ಹಿಂದೆ ಸಣ್ಣ ಸಂದು ಇದೆ. ಕಿರುಬೆರಳಿಗೆ ಹೋಗೋ ನರ ಅಲ್ಲೇ ಹಾಯೋದು."

ಉಬ್ಬನ್ನು ಒತ್ತಿದಾಗ ಅವನು ಹಲ್ಲು ಕಚ್ಚಿದ.

"ಈ ನೋವು ಇವತ್ತಿಂದಲ್ಲ, ಅಲ್ವಾ?"

"ಸ್ಕ್ರೂ ತಿರುಗಿಸೋವಾಗ... ಸುಮಾರು ದಿನ ಆಯ್ತು."

"ಮಣಿಕಟ್ಟು ಮಡಚೋ ಸ್ನಾಯುಗಳು ಶುರುವಾಗೋದೇ ಈ ಉಬ್ಬಿನಿಂದ. ಪಾಪ, ಅದು ಎಷ್ಟೂಂತ ತಡ್ಕೊಳ್ಳುತ್ತೆ? ನಾಳೆಯಿಂದ ಬನ್ನಿ."

ಅವನು ಬಂದ. ಬರುತ್ತಲೇ ಇದ್ದ. ವ್ಯಾಯಾಮಕ್ಕೆಂದು ಅವಳ ಅಂಗೈಗೆ ತನ್ನ ಅಂಗೈ ಒತ್ತುತ್ತಾ, ಮುಚ್ಚಲು ಒಲ್ಲದ ಬಾಗಿಲುಗಳ ಕಥೆ ಹೇಳುತ್ತಿದ್ದ. ಅವನು ಬರುವ ಹೊತ್ತಿಗೆ ಅವಳ ಕಣ್ಣು ತಾನಾಗಿಯೇ ಹೊರಬಾಗಿಲ ಕಡೆ ಹೋಗುತ್ತಿತ್ತು.

'ಬೇರೆಯವರ ಮೊಣಕೈ ಬರೀ ಮೊಣಕೈ. ಇವನದು ಮುಟ್ಟಿದರೆ ನನ್ನ ಎದೆ ಯಾಕೆ ಹೊಡೆದುಕೊಳ್ಳಬೇಕು? ಚಿಕಿತ್ಸೆಗೆ ಬಂದವರನ್ನು ಹೀಗೆ ನೋಡುವುದು ತಪ್ಪು...'

ಆ ಕ್ಲಿನಿಕ್‌ನವರ ಬಾಯಲ್ಲಿ ಜನರೇ ಇರುತ್ತಿರಲಿಲ್ಲ. ಮಂಡಿ, ಸೊಂಟ, ಭುಜ ಅಷ್ಟೇ. 'ಆ ಮಂಡಿ ನಾನು ಬಿಟ್ಟೆ, ನೀನು ತಗೋ' ಎಂದರೆ ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದಾಯಿತು ಎಂದರ್ಥ. ಅದೇ ರೂಢಿಯಲ್ಲಿ ಅವಳು ಒಂದು ಸಂಜೆ ಅಕ್ಕನಿಗೆ ಫೋನಿನಲ್ಲಿ ಹೇಳಿದಳು:

"ಸಾಕಾಯ್ತು ಅಕ್ಕಾ... ನಾನು ಆ ಬಡಗಿ ಕೈ ಬಿಡ್ತೀನಿ."

ಚಿಕಿತ್ಸೆಗೆಂದು ಬಂದು ಬಾಗಿಲ ಹೊರಗೆ ನಿಂತಿದ್ದ ಬಡಗಿಗೆ ಅಷ್ಟೇ ಕೇಳಿಸಿತು. ಅವನು ಸದ್ದಿಲ್ಲದೆ ಮೆಟ್ಟಿಲಿಳಿದು ಹೋದ.

"ಅವರ ಮೊಣಕೈ ಬೇರೆಯವರು ನೋಡ್ಕೊಳ್ಳಲಿ. ಆಮೇಲೆ ನನ್ನ ಮನಸ್ಸಲ್ಲಿರೋದನ್ನ ಅವರಿಗೇ ಹೇಳಿಬಿಡ್ತೀನಿ," ಎಂದಳು ಅವಳು. ಅದನ್ನು ಕೇಳಬೇಕಾದವನು ಅಷ್ಟರಲ್ಲಿ ರಸ್ತೆ ದಾಟಿದ್ದ.

ಮುಂದಿನ ವಾರ ಸಹೋದ್ಯೋಗಿ ಮುಖ ಊದಿಸಿಕೊಂಡು ಹೇಳಿದಳು: "ನೀನು ಕೊಟ್ಟ ಮೊಣಕೈ ಬರಲೇ ಇಲ್ಲ ಕಣೇ."

ಕೆಲಸ ಮುಗಿದಿದ್ದೇ ಅವಳು ನೇರ ಅವನ ಅಂಗಡಿಗೆ ಹೋದಳು. ಅವನು ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ಯಾಕೆ ಬರ್ತಿಲ್ಲ? ನೋವು ಜಾಸ್ತಿ ಆಗುತ್ತೆ ರೀ!"

"ಕೈ ಬಿಟ್ಟೋರಿಗೆ ಆ ಚಿಂತೆ ಯಾಕೆ ಮೇಡಂ? ಸಾಕಾಯ್ತು ಅಂತ ನೀವೇ ಹೇಳಿದ್ದು ಕೇಳಿಸ್ತು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಅಯ್ಯೋ ದೇವರೇ... ಕೈ ಅಂದ್ರೆ ಕೈ ರೀ! ಈ ಮೊಣಕೈ! ಚಿಕಿತ್ಸೆ ಬಿಡ್ತೀನಿ ಅಂದೆ, ನಿಮ್ಮನ್ನಲ್ಲ!"

"ಚಿಕಿತ್ಸೆ ಮಾತ್ರ ಯಾಕೆ ಬಿಡಬೇಕಿತ್ತು?"

"ಚಿಕಿತ್ಸೆ ಕೊಡೋವಳು ನಿಮ್ಮನ್ನ ಪ್ರೀತಿಸಬಾರದು..." ಅವಳು ಹಲಗೆಯ ಅಂಚು ಹಿಡಿದುಕೊಂಡಳು. "ನನಗೆ ಪ್ರೀತಿಸಬೇಕಿತ್ತು."

ಉಜ್ಜುಗೊರಡು ನಿಂತಿತು. ಅವನು ತಲೆ ಎತ್ತಿದ.

"ನಾಳೆ ಚಿಕಿತ್ಸೆಗೆ ಬೇರೆಯವರ ಹತ್ರಾನೇ ಹೋಗ್ತೀನಿ. ನೀವು ಹೊರಗೆ ಕಾಯ್ತೀರಾ ಮೇಡಂ?"

"ಕಾಯ್ತೀನಿ. ಆದ್ರೆ ಮೇಡಂ ಅನ್ನಬೇಡ."

"ಮತ್ತೇನು ಅನ್ನಲಿ?"

"'ನೀನು' ಅನ್ನು."

ಅವನು ಸ್ಟೂಲಿನ ಮೇಲಿದ್ದ ಮರದ ಹೊಟ್ಟನ್ನು ಅಂಗೈಯಿಂದ ಒರೆಸಿದ, ಮತ್ತೊಮ್ಮೆ ಒರೆಸಿದ.

"ನೀನು... ಕೂತ್ಕೋ. ಆಗಿಂದ ನಿಂತೇ ಇದ್ದೀಯ."