ಮುಳುಗುಬಂಡೆ

ಗಾಡಿ ಗುರಪ್ಪನದು. ಪಂಚರ್ ಆದರೆ ಸುಡುವ ನೆಲಕ್ಕೆ ಬೆನ್ನು ಕೊಟ್ಟು ಗಾಡಿಯ ಅಡಿಗೆ ಹೋಗುವವನು ಗುರಪ್ಪ. ಅರಬೈಲು ಘಟ್ಟ ಇಳಿಯುವಾಗ ಬ್ರೇಕ್ ಕಾಯ್ದು ವಾಸನೆ ಹೊಡೆದರೆ, ಹಿಂದೆ ಕೂತ ಮಂದಿಗೆ ಗೊತ್ತಾಗದ ಹಾಗೆ ಜೀವ ಕೈಯಲ್ಲಿ ಹಿಡಿದು ಇಳಿಸುವವನೂ ಅವನೇ. ಆದರೆ ಇಳಕಲ್ ಪೇಟೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಸಮುದ್ರ ನೋಡಲು ಹೋಗುವುದಕ್ಕೆ ಎಲ್ಲರೂ ಹೇಳುತ್ತಿದ್ದ ಹೆಸರು ಒಂದೇ: ಯಮನಪ್ಪನ ಟ್ರಿಪ್!

ಯಮನಪ್ಪನಿಗೆ ಇದ್ದದ್ದು ಏನು? ಬಾಯಿ. ಅಷ್ಟೇ. ಡ್ರೈವರ್ ಪಕ್ಕದ ಸೀಟಿನಲ್ಲಿ ಹಿಮ್ಮುಖವಾಗಿ ಕೂತು, ಹುಬ್ಬಳ್ಳಿ ದಾಟುವುದರೊಳಗೆ ಇಡೀ ಗಾಡಿಯನ್ನು ತನ್ನ ಮನೆ ಮಾಡಿಕೊಂಡುಬಿಡುತ್ತಿದ್ದ. ಮುದುಕಿಯರು ಬುತ್ತಿ ಬಿಚ್ಚಿದರೆ ಮೊದಲ ರೊಟ್ಟಿ ಅವನ ಕೈಗೆ. ಗುರಪ್ಪನನ್ನು ಯಾರಾದರೂ ಮಾತಾಡಿಸಿದರೆ ಅದು, "ಡ್ರೈವರ್ರ, ಸ್ವಲ್ಪ ನಿಲ್ಲಸ್ರಿ, ಹೊರಕಡಿ ಹೋಗಬೇಕು" ಎನ್ನಲಿಕ್ಕೆ ಮಾತ್ರ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಗುರಪ್ಪ ಹಳೆಯ ಮಟಡೋರ್ ವ್ಯಾನು ಕೊಂಡು ಐದು ವರ್ಷ. ಅಲ್ಲಿಯವರೆಗೆ ನೇಕಾರರ ಓಣಿಯಲ್ಲಿ ಸಮುದ್ರ ಕಂಡವರೇ ಇರಲಿಲ್ಲ. ಅಮಾವಾಸ್ಯೆಗೆ ಮಗ್ಗ ನಿಂತಿತೆಂದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗಾಡಿ ಹತ್ತುತ್ತಿದ್ದರು. ಮುರುಡೇಶ್ವರ, ಕಾರವಾರ ಎಲ್ಲ ನೋಡಿಸಿ, ಗೋಕರ್ಣದ ಆಚೆಗಿನ ಒಂದು ಸಣ್ಣ ದಂಡೆಯಲ್ಲಿ ಟ್ರಿಪ್ ಮುಗಿಯುತ್ತಿತ್ತು. ಅಲ್ಲಿ ನೀರಿನೊಳಗೆ ಒಂದು ತಗ್ಗು ಬಂಡೆ. ದಂಡೆಯ ಕಡೆಗೆ ಒಂದು ದಿಬ್ಬ, ಆಚೆಗೆ ಚಪ್ಪಟೆ. ಬೆಳಿಗ್ಗೆ ನಡೆದುಕೊಂಡು ಹೋಗಬಹುದು, ಮಧ್ಯಾಹ್ನ ಊಟದ ಹೊತ್ತಿಗೆ ಅದು ನೀರೊಳಗೆ ಕಾಣೆ. ಯಮನಪ್ಪ ಅದಕ್ಕೆ ಮುಳುಗುಬಂಡೆ ಎಂದು ಹೆಸರಿಟ್ಟಿದ್ದ; ಅವನ ಬಾಯಲ್ಲಿ ಅದು ಮುಳುಗುಬಂಡಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೂಗುತ್ತಿದ್ದ.

"ನೋಡ್ರಿ ಯಪ್ಪಾ, ನೋಡ್ರಿ ಯವ್ವಾ! ನಮ್ಮ ಹೊಳಿ ಮಳಿ ಬಂದ್ರ ಅಷ್ಟ ಏರ್ತೈತಿ. ಈ ಸಮುದ್ರಕ್ಕ ದಿನಾ ಹಸಿವು! ಹೊತ್ತು ನೆತ್ತಿಗೆ ಬಂತಂದ್ರ ಬಂಡಿ ನುಂಗಬೇಕು!"

ನೀರು ಬಂದು ಬಂಡೆಯನ್ನು ಮುಚ್ಚುತ್ತಿತ್ತು. ಹೆಂಗಸರು ಕೈಮುಗಿದು ಅರಿಷಿಣ ಕುಂಕುಮ ಎರಚುತ್ತಿದ್ದರು. ಸಮುದ್ರ ತನ್ನ ಮಾತು ಕೇಳಿಯೇ ಬಂತೇನೋ ಅನ್ನುವ ಹಾಗೆ ಯಮನಪ್ಪ ಮೀಸೆ ತೀಡಿಕೊಳ್ಳುತ್ತಿದ್ದ. ಗುರಪ್ಪ ದೂರದಲ್ಲಿ ಗಾಡಿಯ ಗಾಜು ಒರೆಸುತ್ತ, ಆ ಮಾತುಗಳನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದ. ತಾನೂ ಹೇಳಬಲ್ಲೆ ಎಂದು ಅವನಿಗೆ ಗೊತ್ತಿತ್ತು. ಹೇಳೆಂದವರು ಯಾರೂ ಇರಲಿಲ್ಲ.

ಸಂಕ್ರಾಂತಿ ಆದಮೇಲೆ ಒಂದು ದಿನ ಕೆರೂರಿನ ಚಾದಂಗಡಿಯಲ್ಲಿ ಯಮನಪ್ಪ ಬಸಿಯಲ್ಲಿ ಚಾ ಆರಿಸುತ್ತ ಹೇಳಿದ:

"ಗುರಪ್ಪಣ್ಣ, ಒಂದು ಮಾತು. ಬ್ಯಾಸರಾ ಮಾಡ್ಕೋಬ್ಯಾಡ. ನಜೀರಸಾಬರ ಗಾಡಿ ನಾ ತಗೋಳಾಕತ್ತೇನಿ. ಯುಗಾದಿಯಿಂದ ನಂದ ಬ್ಯಾರೆ ಟ್ರಿಪ್."

"ಭಾಳ ಚಲೋ ಆತು ಬಿಡು" ಎಂದ ಗುರಪ್ಪ. ಕುಡಿಯದ ಚಾ ಅಲ್ಲೇ ಬಿಟ್ಟು ಗಾಡಿಗೆ ಹೋದ.

ಯಮನಪ್ಪ ಹೋದರೆ ಮಂದಿಯೂ ಅವನ ಹಿಂದೆ ಹೋಗುತ್ತಾರೆ. ಇದು ಗುರಪ್ಪನಿಗೆ ತನ್ನ ಅಂಗೈ ಗೆರೆಯಷ್ಟು ಸ್ಪಷ್ಟವಿತ್ತು. ಐದು ವರ್ಷ ಬೆವರು ಸುರಿಸಿ ಹಾಕಿದ ಹಾದಿಯಲ್ಲಿ ನಾಳೆ ಆ ಬಾಯಿಬಡುಕ ಹಾರ್ನ್ ಹೊಡೆಯುತ್ತ ಹೋಗಬೇಕು, ತಾನು ಮಂದಿಯಿಲ್ಲದ ಗಾಡಿಯಲ್ಲಿ ಕಲ್ಲು ಹೇರಬೇಕು! ಯಮನಪ್ಪ ಇಲ್ಲವಾದರೆ ಮಾತ್ರ ಮಾತು ಬೇರೆ. ಆಗ ಸಮುದ್ರ ತೋರಿಸುವವನು ಇಡೀ ಸೀಮೆಗೆ ಒಬ್ಬನೇ ಉಳಿಯುತ್ತಾನೆ.

ಅವನು ಅವಸರ ಮಾಡಲಿಲ್ಲ. ಅವಸರ ಮಾಡಿದವರೆಲ್ಲ ಜೇಲಿನಲ್ಲಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ಕೊಡಲಿ ಬೇಡ, ವಿಷ ಬೇಡ. ಒಂದೇ ಏಟು, ಅದೂ ಸಾಯುವಷ್ಟಲ್ಲ. ಬಂಡೆಯ ಆಚೆ ಮಗ್ಗುಲಿಗೆ ಒಂದು ಬಿರುಕಿತ್ತು, ಮೊಣಕಾಲಿನ ತನಕ ಕಾಲು ಇಳಿಯುವಷ್ಟು; ಅಲ್ಲಿ ಕಾಲಿಡಬೇಡಿ ಎಂದು ಯಮನಪ್ಪನೇ ಮಂದಿಗೆ ಕೂಗಿ ಹೇಳುತ್ತಿದ್ದ. ಎಚ್ಚರ ತಪ್ಪಿದವನ ಕಾಲನ್ನು ಅದರೊಳಗೆ ತುರುಕಿ ಬಂದರಾಯಿತು. ಉಳಿದ ಕೆಲಸ ಸಮುದ್ರದ್ದು. ಮುಂದೆಂದೋ ಹೆಣ ಸಿಕ್ಕರೂ ಏನು? ಕಾಲು ಜಾರಿ ಬಿದ್ದ, ಬಂಡೆ ತಲೆಗೆ ಬಡಿಯಿತು, ಬಿರುಕಿನಲ್ಲಿ ಸಿಕ್ಕಿಕೊಂಡ, ನೀರು ಬಂತು. ಪೊಲೀಸರೂ ಅದನ್ನೇ ಬರೆದುಕೊಳ್ಳುತ್ತಾರೆ. ಕೊಂದದ್ದು ನಾನಲ್ಲವಲ್ಲ ಎಂದು ಅವನ ಮನಸ್ಸಿಗೂ ಒಂದು ಸಮಾಧಾನ ಸಿಗುತ್ತಿತ್ತು.

ಯಾವ ಟ್ರಿಪ್ಪಿನಲ್ಲಿ? ಅದನ್ನೂ ಯೋಚಿಸಿ ಇಟ್ಟಿದ್ದ. ನೇಕಾರರ ಟ್ರಿಪ್ ಬೇಡ. ಒಂದು ಗಳಿಗೆ ಯಮನಪ್ಪ ಕಾಣದಿದ್ದರೆ ಆ ಮುದುಕಿಯರು ದಂಡೆಯನ್ನೆಲ್ಲ ಜಾಲಾಡುತ್ತಾರೆ. ಅಷ್ಟರಲ್ಲಿ ಹುನಗುಂದದ ಕಚೇರಿಯೊಂದರ ಮಂದಿ ತಾವಾಗಿಯೇ ಬಂದರು. ಎರಡನೇ ಶನಿವಾರ, ರವಿವಾರ ಸೂಟಿ, ಹೆಂಡಂದಿರನ್ನು ಕರೆದುಕೊಂಡು ಹೋಗಬೇಕು. ಯಮನಪ್ಪನ ಮುಖವನ್ನೂ ಕಂಡವರಲ್ಲ. ಇಂಥ ಅಪರಿಚಿತರು ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಂಡ ಗುರಪ್ಪ.

ರವಿವಾರ ಬೆಳಿಗ್ಗೆ ನಾಷ್ಟಾ ಮುಗಿಸಿ ಮಂದಿ ಗೋಕರ್ಣದ ಗುಡಿಗೆ ಹೋದರು. ಗುರಪ್ಪ ಯಮನಪ್ಪನನ್ನು ಆ ಸಣ್ಣ ದಂಡೆಗೆ ಕರೆದ.

"ಬಾರೋ ತಮ್ಮಾ, ಕಡೀ ಟ್ರಿಪ್ಪು. ಇಬ್ಬರೂ ಒಮ್ಮಿ ಬಂಡಿ ಮ್ಯಾಲ ಕುಂದ್ರೂಣು. ಐದು ವರ್ಷದಾಗ ನಾ ಅದರ ಮ್ಯಾಲ ಕಾಲ ಇಟ್ಟಿಲ್ಲ."

ಯಮನಪ್ಪನಿಗೆ ಕಣ್ಣು ತುಂಬಿಬಂತು. "ಖರೆ ನೋಡಣ್ಣ. ಬಂದವರಿಗೆಲ್ಲ ತೋರಿಸಿದ್ವಿ, ನೀನ ನೋಡಲಿಲ್ಲ."

ನೀರು ಮೊಣಕಾಲಿಗಿತ್ತು. ಗುರಪ್ಪ ಒಳಗೊಳಗೇ ಹಿಗ್ಗಿದ. ಈ ಹೊತ್ತಿಗೆ ನೀರು ಮೊಣಕಾಲಿಗೆ ಬಂದಾಗಲೇ ಯಮನಪ್ಪ ಪ್ರತಿ ಸಲ ನೇಕಾರರನ್ನು ಹಿಂದಕ್ಕೆ ಕೂಗುತ್ತಿದ್ದ. ಇನ್ನು ಏರುವುದೊಂದೇ ಬಾಕಿ. ದಿಬ್ಬ ಹತ್ತುವಾಗ ಯಮನಪ್ಪ ಜಾರಿ, ಬಂಡೆಗೆ ಕೈಯೂರಿದ.

"ಅಣ್ಣ, ನೀರು ಕೆಳಗೈತಿ, ಬಂಡಿ ಇಲ್ಲೀತನಕಾ ತೊಯ್ದೈತಲ್ಲೋ?"

"ತೆರಿ ಹೊಡದಿರ್ತಾವ. ನಡಿ ನಡಿ."

ಆಚೆ ಮಗ್ಗುಲಲ್ಲಿ ಕೂತರು. ಮುಂದೆ ಬರೀ ನೀರು. ಯಮನಪ್ಪ ತಲೆಯ ಟಾವೆಲ್ ಬಿಚ್ಚಿ ಮುಖ ಒರೆಸಿಕೊಂಡ.

"ನನ್ನ ಗಾಡಿಗೆ ಮೊದಲನೇ ಕಾಯಿ ನೀನ ಒಡಿಬೇಕಣ್ಣ. ತುಳಸಿಗೇರಿ ಹನಮಪ್ಪನ ಗುಡಿ ಮುಂದ. ನೀ ಇಲ್ಲದಿದ್ರ ನಾ ಯಾವ ದೊಡ್ಡ ಮನಶ್ಯಾ?"

ಈ ಮಾತು ಕೇಳಿ ಗುರಪ್ಪನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಸಿಟ್ಟು ಇಮ್ಮಡಿಯಾಯಿತು. ತನ್ನ ಅನ್ನ ಕಸಿದುಕೊಂಡು, ಮೇಲೆ ತನ್ನ ಕೈಯಿಂದಲೇ ಕಾಯಿ ಒಡೆಸುತ್ತಾನಂತೆ! ಪಕ್ಕದಲ್ಲಿದ್ದ ಕಲ್ಲು ತೆಗೆದು ಹೊಡೆದ. ಯಮನಪ್ಪ ಸದ್ದಿಲ್ಲದೆ ಮಗ್ಗುಲಾದ. ಬಲಗಾಲನ್ನು ಬಿರುಕಿಗೆ ಇಳಿಸಿ ತಿರುವಿ ಒತ್ತಿದಾಗ ಎಲುಬು ಲಟಕ್ಕೆಂದಿತು. ಕಲ್ಲು ನೀರಿಗೆ ಹೋಯಿತು. ಗುರಪ್ಪ ಅದೇ ಮೊಣಕಾಲು ನೀರಿನಲ್ಲಿ ಹಿಂದಕ್ಕೆ ಬಂದು, ಗಾಡಿಯ ಬಾನೆಟ್ಟಿನ ಮೇಲೆ ಧೋತರ ಒಣಗಿಸಿಕೊಂಡ. ಮಂದಿ ಗುಡಿಯಿಂದ ಬಂದಾಗ ಹೇಳುವುದನ್ನೂ ಮೊದಲೇ ಹೊಂದಿಸಿಟ್ಟಿದ್ದ.

"ಯಮನಪ್ಪಗ ತನ್ನ ಹೊಸಾ ಗಾಡಿದ ಗಡಿಬಿಡಿ ರೀ. ಬಸ್ಸಿಗೆ ಹೋದ. ಹೋಗೂ ಮುಂದ ಒಂದು ಮುಳುಗು ಹಾಕಿ ಹೋಗ್ತೇನಿ ಅಂತಿದ್ದ."

ಹೆಡ್ ಕ್ಲರ್ಕ್ ಹನಮಂತಪ್ಪನವರು, "ಹೋಗ್ಲಿ ಬಿಡ್ರಿ, ನೀವ ತೋರಸ್ರಿ" ಎಂದರು.

ಅದೊಂದು ಮಾತಿಗೆ ಗುರಪ್ಪ ಐದು ವರ್ಷ ಕಾದಿದ್ದ.

ಮಧ್ಯಾಹ್ನ ಎಲ್ಲರನ್ನೂ ದಂಡೆಯಲ್ಲಿ ಸಾಲಾಗಿ ನಿಲ್ಲಿಸಿದ. ಬಂಡೆ ಮುಳುಗುವುದನ್ನು ಇಷ್ಟು ಜನ ಕಣ್ಣಾರೆ ನೋಡಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಎದೆ ಸೆಟೆಸಿ ಕೂಗಿದ. "ನೋಡ್ರಿ ಯಪ್ಪಾ, ನೋಡ್ರಿ ಯವ್ವಾ! ಈ ಸಮುದ್ರಕ್ಕ ದಿನಾ ಹಸಿವು!" ದನಿ ನಡುಗಲಿಲ್ಲ. ಹನಮಂತಪ್ಪನವರ ಹೆಂಡತಿ ಪದ್ಮವ್ವ, "ಅಯ್ಯ, ಎಷ್ಟು ಚಂದ ಹೇಳ್ತೀರೀ!" ಎಂದಳು. ಗುರಪ್ಪನಿಗೆ ಅಳುವೇ ಬಂದಂತಾಯಿತು. ಇಷ್ಟು ಸುಲಭದ್ದಕ್ಕೆ ಇಷ್ಟು ವರ್ಷ ಗಾಜು ಒರೆಸಿದೆನಲ್ಲ ಎಂದು ಮರುಗಿದ.

ಮಂದಿ ನೋಡುತ್ತ ನಿಂತರು. ಬಿಸಿಲು ಸುಡುತ್ತಿತ್ತು. ಪದ್ಮವ್ವ ಸೆರಗು ತಲೆಗೆ ಹೊದ್ದಳು.

"ಯಾವಾಗ ನುಂಗತೈತ್ರಿ?" ಎಂದರು ಹನಮಂತಪ್ಪ.

"ಈಗ ನೋಡ್ರಿ. ಇನ್ನೇನು ಬಂತು."

ಬರಲಿಲ್ಲ. ಬೆಳಿಗ್ಗೆ ಮೊಣಕಾಲಿಗಿದ್ದ ನೀರು ಈಗ ಪಾದ ತೊಯ್ಯುವಷ್ಟೇ ಇತ್ತು. ಒಂದೆರಡು ಕಡೆ ಮರಳು ಬೆನ್ನು ತೋರಿಸುತ್ತಿತ್ತು. ಗುರಪ್ಪ ಕಣ್ಣುಜ್ಜಿಕೊಂಡು ನೋಡಿದ. ತೆರೆಯೊಂದು ಬಂತು, ಬಂಡೆಯ ಬುಡ ಸವರಿ ಹಿಂದಕ್ಕೆ ಸರಿಯಿತು.

"ಅದು ನುಂಗೂದಿಲ್ಲಂದ್ರ ನಾವ ಹೋಗಿ ನೋಡೂಣ ಬರ್ರಿ" ಎಂದು ಹನಮಂತಪ್ಪ ಪ್ಯಾಂಟು ಮಡಚಿದರು. ಮಂದಿ ನಗುತ್ತ ಅವರ ಹಿಂದೆ ಹೊರಟರು.

"ಬ್ಯಾಡ್ರಿ! ಸುಳಿ ಐತ್ರಿ! ಜೀವಾ ಹೋಗ್ತೈತಿ!" ಗುರಪ್ಪ ಗಂಟಲು ಹರಿಯುವಂತೆ ಕೂಗಿದ. ಪಾದದಷ್ಟು ನೀರಿನಲ್ಲಿ ಎಂಥ ಸುಳಿ ಎಂದು ಪದ್ಮವ್ವ ಹಿಂದಿರುಗಿ ನೋಡಿ ನಕ್ಕಳು. ಅವರು ದಿಬ್ಬವನ್ನು ಮುಟ್ಟುವ ಮೊದಲೇ ಅದರ ಆಚೆಯಿಂದ ಒಂದು ದನಿ ಬಂತು. ಒಡೆದಿತ್ತು, ಒಣಗಿತ್ತು, ಆದರೂ ಇಳಕಲ್ ಪೇಟೆಯಲ್ಲಿ ಸಣ್ಣ ಕೂಸಿಗೂ ಗುರುತು ಸಿಗುವ ದನಿ.

"ಗುರಪ್ಪಣ್ಣಾ... ಯಾಕ ಹೊಡದ್ಯೋ ನನ್ನ?"

ನಗು ನಿಂತಿತು. ಹನಮಂತಪ್ಪನವರು ಓಡಿ ದಿಬ್ಬ ಹತ್ತಿದರು, ಆಚೆ ಬಗ್ಗಿ ನೋಡಿದರು, ಆಮೇಲೆ ನಿಧಾನಕ್ಕೆ ತಿರುಗಿ ದಂಡೆಯಲ್ಲಿ ನಿಂತ ಗುರಪ್ಪನನ್ನು ನೋಡಿದರು. ಗುರಪ್ಪ ಓಡಲಿಲ್ಲ. ಅಲ್ಲೇ ಬುಟ್ಟಿ ಹಿಡಿದು ಚಿಪ್ಪು ಆರಿಸುತ್ತಿದ್ದ ಆ ಊರಿನ ಮುದುಕಿಯನ್ನು, ದಾರಿ ಕೇಳುವವನ ಹಾಗೆ ಕೇಳಿದ: "ನೀರು ಯಾಕ ಬರಲಿಲ್ಲಬೇ?" ಮುದುಕಿ ತಲೆಯೆತ್ತದೆ ಹೇಳಿದಳು: "ಇಂದು ಅಷ್ಟಮಿ ಅಲ್ದಾ ತಮ್ಮ? ಅಷ್ಟಮಿಗೆ ಈ ಹೊತ್ತಿಗೆ ನೀರು ಇಳೀತದೆ. ನಡು ಮಧ್ಯಾಹ್ನ ಬಂಡೆ ಮುಳುಗೂದು ನೋಡ್ಬೇಕಂದ್ರೆ ಅಮಾಸೆಗೆ ಬರ್ಬೇಕಾಗಿತ್ತು." ಅಮಾಸೆಗೆ! ಐದು ವರ್ಷ ಅವನು ಬಂದದ್ದೆಲ್ಲ ಅಮಾಸೆಗೇ. ಇಳಕಲ್ಲಿನಲ್ಲಿ ಮಗ್ಗ ನಿಲ್ಲುವುದು ಆವಾಗ ಮಾತ್ರ.