ಊಟದ ಬಿಡುವಿನಲ್ಲಿ ಎಬ್ಬಿಸಿದವನು

“ಥೂ! ಹೆಂಗಸರು ಮಲಗಿರೋ ಕಡೆ ನುಗ್ತೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?”

ವೇಣಿಯ ಕೂಗಿಗೆ ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸ್‌ನ ಇಡೀ ಹಾಲ್ ತಿರುಗಿ ನೋಡಿತು.

ಊಟದ ಬಿಡುವು. ಕಟಿಂಗ್ ಟೇಬಲ್ ಕೆಳಗೆ ಬಟ್ಟೆಚೂರು ಹಾಸಿಕೊಂಡು ಹೆಂಗಸರು ಜೊಂಪು ತೆಗೆಯುವ ಹೊತ್ತು. ಅವಳ ಭುಜ ತಟ್ಟಿ ಎಬ್ಬಿಸಿದ್ದ ಇಸ್ತ್ರಿ ಸೆಕ್ಷನ್ನಿನ ಪ್ರಸನ್ನ, ತಟ್ಟನೆ ಕೈ ಹಿಂತೆಗೆದುಕೊಂಡ.

“ದಿನಾ ಬಂದು ಎಬ್ಬಿಸ್ತಾನೆ... ಏನಮ್ಮಾ ವೇಣಿ, ಗೊತ್ತಾಗ್ದಂಗೆ ತಾಳಿ ಕಟ್ಟಿಸ್ಕೊಂಡ್ಯಾ?” ಎಂದು ಪಕ್ಕದ ಭಾಗ್ಯಮ್ಮ ಕಿಚಾಯಿಸಿದ್ದಳು. ಎಲ್ಲರೂ ನಕ್ಕಿದ್ದರು. ಅದಕ್ಕೇ ಅವಳು ಸಿಡಿದದ್ದು.

ಆದರೆ ಎಬ್ಬಿಸಿ ಎಂದು ಕೇಳಿಕೊಂಡವಳು ಅವಳೇ!

ಎರಡು ವರ್ಷದಿಂದ ಕೀಲುವಾತ. ರಾತ್ರಿಯಿಡೀ ಬೆರಳು ಸೆಳೆತ, ನಿದ್ದೆಯೇ ಇಲ್ಲ. “ಇರೋ ಮಾತ್ರೆ ಜೊತೆ ನಿದ್ದೆ ಮಾತ್ರೆ ಬೇರೆ ಬೇಡಮ್ಮ. ಹಗಲು ಮಲಗ್ಬೇಡಿ, ದಿನಾ ಒಂದೇ ಹೊತ್ತಿಗೆ ಏಳಿ,” ಎಂದಿದ್ದರು ಡಾಕ್ಟರು. ಕಾಯಿಲೆ ಗೊತ್ತಾದರೆ ಕೆಲಸದಿಂದ ತೆಗೆದಾರೆಂಬ ಭಯ. ಪ್ರಸನ್ನನೊಬ್ಬನಿಗೇ ಹೇಳಿ, ಬಿಡುವಿನಲ್ಲಿ ಕಣ್ಣು ಹತ್ತಿದರೆ ಎಬ್ಬಿಸಿ ಎಂದಿದ್ದಳು.

ಅವನು ಎಬ್ಬಿಸಿ ಎಬ್ಬಿಸಿಯೇ, ಮೊನ್ನೆ ಎಷ್ಟೋ ತಿಂಗಳ ಮೇಲೆ ಬೆಳಗಿನವರೆಗೆ ಮಲಗಿದ್ದಳು!

ಸೂಪರ್‌ವೈಸರ್ ವಿಶ್ವನಾಥ್ ಬಂದು ಅವನ ಕಾಲರ್ ಹಿಡಿದ. “ಏನೋ ಇದು? ಬಾಯಿ ಬಿಡೋ!”

ಪ್ರಸನ್ನ ವೇಣಿಯ ಬೆರಳುಗಳತ್ತ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದ.

‘ಅಯ್ಯೋ... ಒಂದು ಮಾತು ಹೇಳಿದ್ರೆ ಬಚಾವಾಗ್ತಾನೆ. ನನ್ನ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದಾನೆ!’

“ಕಾರ್ಡ್ ಕೊಟ್ಟು ಗೇಟಿಂದಾಚೆ ನಡಿ!”

ವೇಣಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

“ಬಿಡಿ ಸಾರ್ ಅವರನ್ನ! ಎಬ್ಬಿಸಿ ಅಂತ ನಾನೇ ಕೇಳ್ಕೊಂಡಿದ್ದೆ. ನಂಗೆ ಕೀಲುವಾತ ಇದೆ. ಹಗಲು ಮಲಗಿದ್ರೆ ರಾತ್ರಿ ನಿದ್ದೆ ಬರಲ್ಲ. ಇವರೆಲ್ಲಾ ನಗ್ತಾರೆ ಅಂತ... ಬೈದ್ಬಿಟ್ಟೆ.” ಊದಿದ ಬೆರಳುಗಳನ್ನು ಎಲ್ಲರೆದುರು ಚಾಚಿದಳು.

ಭಾಗ್ಯಮ್ಮ ತಲೆ ತಗ್ಗಿಸಿದಳು. ವಿಶ್ವನಾಥ್ ಕಾಲರ್ ಬಿಟ್ಟು ವೇಣಿಯತ್ತ ತಿರುಗಿದ. “ನಿನ್ನ ವಿಷಯ ಸಾಯಂಕಾಲ ಮಾತಾಡ್ತೀನಿ.”

ತನ್ನ ಸೆಕ್ಷನ್ನಿಗೆ ಹೊರಟಿದ್ದ ಪ್ರಸನ್ನನನ್ನು ಅವಳು ಮೆಟ್ಟಿಲ ಬಳಿ ಓಡಿ ಹಿಡಿದಳು.

“ನೀವೂ ನಾಲ್ಕು ಬೈದ್ಬಿಡಿ... ನಂಗೆ ಹಗುರಾಗುತ್ತೆ.”

“ಕೈ ತುಂಬಾ ನೋಯ್ತಿದ್ಯಾ?”

ಅಷ್ಟಕ್ಕೇ ಅಳು ಉಕ್ಕಿ ಬಂತು.

“ನೀವಂದ್ರೆ ನಂಗಿಷ್ಟ ಕಣ್ರೀ! ಅದನ್ನ ಹೇಳೋಕೆ ನಾಚ್ಕೊಂಡೆ. ಉಗಿಯೋಕೆ ಮಾತ್ರ ನಾಚಿಕೆ ಆಗ್ಲಿಲ್ಲ ನೋಡಿ ನಂಗೆ... ನನ್ನ ಮದುವೆ ಆಗ್ತೀರಾ?”

ಅವನ ಕಣ್ಣು ತುಂಬಿತು. ಅವಳ ಬೆರಳುಗಳನ್ನು ನೋಯದಂತೆ ಒಂದು ಗಳಿಗೆ ಅಂಗೈಯಲ್ಲಿ ಹಿಡಿದ.

ಆಮೇಲೆ ಮೆಲ್ಲಗೆ ಬಿಟ್ಟು, ಮುದುಡಿದ ಕಾಲರನ್ನು ಸರಿಮಾಡಿಕೊಳ್ಳುತ್ತಾ, “ಅಷ್ಟು ಜನರೆದುರು ಆಡಿದ ಮಾತು ಮರೆಯೋಕೆ ನಂಗಾಗಲ್ಲ,” ಎಂದು ಮೆಟ್ಟಿಲಿಳಿದು ಹೋದ.