ಆರು ಫ್ರೇಮು ಬಾಕಿ

ಕನ್ನಡಕವಿಲ್ಲದಿದ್ದರೆ ಕನಕಲಕ್ಷ್ಮಿಗೆ ಮಾರುದೂರದ ಮುಖ ಕಾಣುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಕೈವಾರದಿಂದ ಹೆಣ್ಣು ನೋಡಲು ಬಂದ ಹೆಂಗಸು ಹೊಸಿಲಲ್ಲೇ, "ಈ ಸೋಡಾಗ್ಲಾಸು ನಮಗ್ಯಾಕಪ್ಪ?" ಎಂದಿದ್ದಳು. ಮಗ ಚಲಪತಿ ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ತಾಯಿಯ ಹಿಂದೆ ಸುಮ್ಮನೆ ಹೋಗಿದ್ದ.

ಈಗ, ೧೯೯೩ರಲ್ಲಿ, ಅದೇ ಚಲಪತಿ ಅಕ್ಕನ ಮಗಳನ್ನು ಎತ್ತಿಕೊಂಡು ಚಿಂತಾಮಣಿಯ ಒಂದು ಕಣ್ಣಾಸ್ಪತ್ರೆಗೆ ಬಂದ. ಕಣ್ಣಿನೊಳಗಿನ ಫೋಟೋ ತೆಗೆಯುವ ಮೆಷಿನ್ನಿನ ಹಿಂದೆ ಕೂತಿದ್ದವಳು ಕನಕಲಕ್ಷ್ಮಿ.

ಏಳು ವರ್ಷದ ಅಲಮೇಲು ಜ್ವರ ಬಿಟ್ಟ ಮೇಲೆ ತಟ್ಟೆ ತಡವಿ ಉಣ್ಣುತ್ತಿದ್ದಳು. "ಆಂಟಿ, ನಿಮ್ಮ ಕುಂಕುಮ ಯಾಕೆ ಮಣ್ಣಿನ ಬಣ್ಣ?" ಎಂದಳು.

ಕಣ್ಣಿನ ನರ ಊದಿರಬೇಕು, ಫೋಟೋ ನೋಡಿಯೇ ಇಂಜೆಕ್ಷನ್, ಎಂದರು ಡಾಕ್ಟರು. ಮೂವತ್ತಾರು ಫ್ರೇಮಿನ ರೀಲು ತುಂಬಿದ ಮೇಲೆ ತೊಳೆಯಲು ಬೆಂಗಳೂರಿಗೆ ಹೋಗುತ್ತಿತ್ತು. ಅರ್ಜೆಂಟಿದ್ದರೆ ಉಳಿದ ಫ್ರೇಮುಗಳನ್ನು ಗೋಡೆಗೆ ಹೊಡೆದು, ಅಂದರೆ ಬರೀ ಗೋಡೆಯ ಫೋಟೋ ತೆಗೆದು, ಮುಗಿಸುವುದು ರೂಢಿ.

ಅಲಮೇಲುವಿನ ಎರಡೂ ಕಣ್ಣಿನ ಫೋಟೋ ತೆಗೆದ ಮೇಲೆ ಕನಕಲಕ್ಷ್ಮಿ ಗೋಡೆಗೆ ಹೊಡೆಯಲಿಲ್ಲ. "ಇನ್ನೂ ಆರು ಬಾಕಿ. ಕಾಯಿರಿ."

ಚಲಪತಿ ಮಗುವನ್ನು ಕರೆದುಕೊಂಡು ಮೂರನೆಯ ದಿನ ಬಂದ. ಆರನೆಯ ದಿನ ಬಂದ. ಆ ಫೋಟೋ ಬೇಕಾದ ಇನ್ನೊಬ್ಬ ರೋಗಿ ಬರಲಿಲ್ಲ. ಒಂಬತ್ತನೆಯ ದಿನ, "ನನ್ನ ಕಣ್ಣೇ ತೆಗೀರಿ, ಅತ್ಲಾಗೆ ಮುಗೀಲಿ" ಎಂದು ಸ್ಟೂಲಿನ ಮೇಲೆ ಕೂತ.

ಡ್ರಾಪ್ಸ್ ಹಾಕಿದಳು. ಪಾಪೆ ಅಗಲವಾಯಿತು. ಲೆನ್ಸಿನ ತುಂಬ ಅವನ ಕಣ್ಣೇ ಇತ್ತು. ಅಷ್ಟು ಹತ್ತಿರದಿಂದ ಅವಳು ಯಾವ ಗಂಡಸನ್ನೂ ನೋಡಿರಲಿಲ್ಲ, ರೋಗಿಗಳನ್ನು ಬಿಟ್ಟು.

"ಅಲ್ಲಾಡಬೇಡಿ."

"ನಿಮ್ಮ ಮುಂದೆ ಅಲ್ಲಾಡೋಕೆ ಧೈರ್ಯ ಬೇಕಲ್ಲ?"

"ಅವತ್ತು ಉಪ್ಪಿಟ್ಟಿಂದ ತಲೇನೇ ಎತ್ತಲಿಲ್ಲ."

"ಎತ್ತಿದ್ದೆ. ನೀವು ಕನ್ನಡಕ ತೆಗೆದು ಒರೆಸ್ತಿದ್ರಿ, ಅದಕ್ಕೇ ಕಾಣಲಿಲ್ಲ. ಚೆನ್ನಾಗಿದ್ದಾರೆ ಅಂದ್ಕೊಂಡೆ."

"ಬಾಯಿ ಇರಲಿಲ್ವಾ?"

"ಅಮ್ಮನ ಮುಂದೆ ಇರಲಿಲ್ಲ ಕಣ್ರೀ."

ಫ್ಲ್ಯಾಶಿನ ಬೆಳಕು ಏರಿಸಿ ಆರೂ ಫ್ರೇಮು ಹೊಡೆದಳು. ಅವನ ಕಣ್ಣಲ್ಲಿ ನೀರು ಸುರಿಯಿತು.

"ಮಾವ ಅಳ್ತಿದ್ದಾರಾ?" ಎಂದಳು ಅಲಮೇಲು.

"ಅಳ್ಲಿ ಬಿಡಮ್ಮ" ಎಂದಳು ಕನಕಲಕ್ಷ್ಮಿ. ಅವಳಿಗೆ ಹಿತವಾಗಿತ್ತು.

ಬಿಸಿಲಿಗೆ ಅವನು ಕಣ್ಣು ಬಿಡಲಾರದೆ ಹೋದ. ಮಗುವನ್ನೂ ಅವನನ್ನೂ ಕೈಹಿಡಿದು ಬಸ್ ಸ್ಟ್ಯಾಂಡಿಗೆ ನಡೆಸಿದಳು. ರೀಲನ್ನು ಬೆಂಗಳೂರು ಬಸ್ಸಿನ ಕಂಡಕ್ಟರನಿಗೆ ಕೊಟ್ಟಳು. ಕೈವಾರದ ಬಸ್ಸು ಬಂದು ನಿಂತ ಮೇಲೂ ಅವನ ಕೈ ಅವಳ ಕೈಯಲ್ಲೇ ಇತ್ತು.

ಇಂಜೆಕ್ಷನ್ ಶುರುವಾಯಿತು. ಎರಡು ತಿಂಗಳಲ್ಲಿ ಅಲಮೇಲು ಬಲಗಣ್ಣಿಂದ ಚಾರ್ಟಿನ ಅಷ್ಟೂ ಸಾಲು ಓದಿದಳು; ಎಡಗಣ್ಣು ಪೂರ್ತಿ ಸುಧಾರಿಸಲಿಲ್ಲ.

"ಈ ಸಲ ಅಮ್ಮನ್ನ ಕರ್ಕೊಂಡು ಬರಲ್ಲ. ಒಬ್ನೇ ಬರ್ತೀನಿ. ಒಪ್ತೀರಾ?" ಎಂದ ಚಲಪತಿ.

ಒಪ್ಪುವ ಮನಸ್ಸಿತ್ತು. ಅದಕ್ಕೇ ಹೇಳಿದಳು: "ಆ ರೀಲು ಮೊದಲನೇ ದಿನವೇ ಹೋಗಬಹುದಿತ್ತು. ಗೋಡೆಗೆ ಆರು ಸಲ ಹೊಡೆದಿದ್ರೆ ಸಾಕಿತ್ತು. ನಿಮ್ಮನ್ನ ಕಾಯಿಸಬೇಕು ಅಂತ ಹೊಡೀಲಿಲ್ಲ."

ಚಲಪತಿ ಅಲಮೇಲುವನ್ನು ಹತ್ತಿರಕ್ಕೆ ಎಳೆದುಕೊಂಡ.

"ಕಾದಿದ್ದು ನಾನಲ್ಲ ರೀ, ಮಗು."

ಅಲಮೇಲುವಿನ ಕೈ ಹಿಡಿದು ಹೊರಟುಹೋದ. ಮತ್ತೆ ಬರಲಿಲ್ಲ.

ತಡವಾದದ್ದಕ್ಕೇ ಎಡಗಣ್ಣು ಹಾಗಾಯಿತೆ ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಹೋದದ್ದು ಇಷ್ಟು: ಒಂಬತ್ತು ದಿನ, ಮಗುವಿನ ಎಡಗಣ್ಣಿಗೆ ಚಾರ್ಟಿನ ಕೊನೆಯ ಎರಡು ಸಾಲು, ಕನಕಲಕ್ಷ್ಮಿಗೆ ಒಬ್ಬ ಗಂಡಸು.